ಆಟದ ಊರುಗಳಿಗೆ ಕೆಲ್ಟಿಕ್ ಹೆಸರು: ಅನುಭವ ಇದ್ದವರು ಹೇಳಿ

ಪ್ರಶ್ನೆ: ನಾವು ಮೂವರು ಗೆಳೆಯರು ಸೇರಿ ಚಿಕ್ಕದೊಂದು ಫ್ಯಾಂಟಸಿ ವಿಡಿಯೊ ಗೇಮ್ ಕಟ್ಟುತ್ತಿದ್ದೇವೆ. ಮಂಜು, ಬಂಡೆ, ಹಾಳುಕೋಟೆಗಳ ನಾಡು. ಊರುಗಳಿಗೆ ವೇಲ್ಸ್, ಐರ್ಲೆಂಡುಗಳ ಕೆಲ್ಟಿಕ್ ಭಾಷೆಗಳಾದ ವೆಲ್ಷ್, ಐರಿಷ್ ಧಾಟಿಯ ಹೆಸರಿಡುವ ಆಸೆ. ನಕಾಶೆಯಲ್ಲಿ ಕಂಡ ಹೆಸರುಗಳನ್ನು ಕತ್ತರಿಸಿ ಅಂಟಿಸಿದ್ದೇವೆ, ಓದಿದರೆ ಹುಸಿ ಎನಿಸುತ್ತದೆ. ಈ ದಾರಿಯಲ್ಲಿ ನಡೆದವರು ಇದ್ದೀರಾ?

ಮೊದಲ ಉತ್ತರ: ನಾನೂ ಹಾಗೆಯೇ ಮಾಡಿ ನಗೆಪಾಟಲಾಗಿದ್ದೆ. ಬೆಟ್ಟದ ನೆತ್ತಿಯ ಹಳ್ಳಿಗೆ ‘ಅಬೆರ್’ ಎಂದು ಶುರುವಾಗುವ ಹೆಸರಿಟ್ಟಿದ್ದೆ. ಆಡಿ ನೋಡಿದ ವೇಲ್ಸ್‌ನವರೊಬ್ಬರು, ಅಬೆರ್ ಎಂದರೆ ಅಳಿವೆ ಎಂದರು. ಅಬೆರಿಸ್ಟ್‌ವಿತ್ ಎಂದರೆ ಇಸ್ಟ್‌ವಿತ್ ನದಿ ಕಡಲು ಸೇರುವ ಜಾಗ. ಸ್ಕಾಟಿಷ್ ಗೇಲಿಕ್‌ನಲ್ಲಿ ಅದೇ ಕೆಲಸಕ್ಕೆ ‘ಇನ್ವರ್’ ಇದೆ, ಇನ್ವರ್ನೆಸ್‌ನಲ್ಲಿರುವಂತೆ. ವೆಲ್ಷ್‌ನ ‘ಪೆನ್’ ತುದಿ, ‘ಕೂಮ್’ ಕಣಿವೆ, ‘ಕೈರ್’ ಕೋಟೆ. ನಮ್ಮ ಊರ ಹೆಸರುಗಳ ಹಳ್ಳಿ, ಕೆರೆ, ಗುಡ್ಡಗಳಿದ್ದಂತೆ. ಮೊದಲು ನೆಲ ಬರೆಯಿರಿ, ಆಮೇಲೆ ಹೆಸರು.

ವೇಲ್ಸ್‌ನ ರಾಜಧಾನಿ ಕಾರ್ಡಿಫ್‌ನಲ್ಲಿ ಓದಿದವರು: ತುಂಡುಗಳನ್ನು ಹಾಗೆಯೇ ಜೋಡಿಸಿದರೆ ಮತ್ತೆ ಹುಸಿಯೇ. ಅಲ್ಲಿ ಸಂಧಿ ಉಂಟು! ಕಾರ್ಡಿಫ್‌ನ ವೆಲ್ಷ್ ಹೆಸರು ಕೈರ್‌ದೀದ್. ಆದರೆ ಸ್ವಾಗತ ಫಲಕದಲ್ಲಿ ಗೈರ್‌ದೀದ್ ಎಂದಿತ್ತು. ಬೇರೆ ಊರಿಗೆ ಬಂದೆನೇನೋ ಎಂದು ಮೊದಲ ದಿನ ಗಾಬರಿಪಟ್ಟಿದ್ದೆ. ‘ಗೆ’ ಎಂಬ ಅರ್ಥದ ‘ಇ’ ಮುಂದೆ ಬಂದರೆ ಕಕಾರ ಗಕಾರವಾಗುತ್ತದೆ, ಅಷ್ಟೆ. ಚರ್ಚು, ಅದರ ಸುತ್ತಲ ಊರಿಗೆ ‘ಲಾನ್’ ಎನ್ನುತ್ತಾರೆ (ಆ ಲಕಾರಕ್ಕೆ ನಾಲಗೆಯನ್ನು ಲಕಾರದ ಜಾಗದಲ್ಲಿಟ್ಟು ಬರಿಯ ಉಸಿರು ಬಿಡಬೇಕು, ನನಗೆ ಇನ್ನೂ ಸರಿಯಾಗಿ ಬಾರದು). ಸಂತ ಕಾಡೊಗ್ ಸೇರಿದರೆ ಲಾನ್‌ಗಾಡೊಗ್, ಟಿಡ್ನೊ ಸೇರಿದರೆ ಲಾನ್‌ಡಿಡ್ನೊ, ಪೆಡರ್ ಸೇರಿದರೆ ಲಾನ್‌ಬೆಡರ್. ಹೈಸ್ಕೂಲಿನ ಆದೇಶ ಸಂಧಿ ನೆನಪಾಯಿತೇ? ಹೊಸಗನ್ನಡ, ಬೆಟ್ಟದಾವರೆ, ಕಂಬನಿ. ಎರಡು ಭಾಷೆಗಳಿಗೂ ನಂಟಿಲ್ಲ, ಆದರೂ ಕನ್ನಡದ ಕಿವಿಗೆ ಇದು ಬೇಗ ಒಗ್ಗುತ್ತದೆ. ನೀವು ಹೊಸದಾಗಿ ಕಟ್ಟುವ ಹೆಸರಿಗೂ ಈ ಮೆತುಪು ಕೊಡಿ, ಅಂಟಿಸಿದ ಗುರುತು ಮಾಯವಾಗುತ್ತದೆ.

ಆಟಗಳನ್ನು ಬಹಳ ಆಡಿದವರು: 2015ರ ‘ದಿ ವಿಚರ್ 3’ರ ಸ್ಕೆಲ್ಲಿಗೆ ದ್ವೀಪಗಳನ್ನು ನೋಡಿ. ಐರ್ಲೆಂಡಿನ ಕೆರಿ ಕರಾವಳಿಯಾಚೆ ಸನ್ಯಾಸಿಗಳ ಕಲ್ಲುಗುಡಿಸಲುಗಳಿರುವ ಸ್ಕೆಲ್ಲಿಗ್ ಬಂಡೆಗಳ ನೆರಳು ಅದು. ಐರಿಷ್‌ನಲ್ಲಿ ‘ಸ್ಕೆಲಿಗ್’ ಎಂದರೆ ಕಡಿದಾದ ಬಂಡೆ. ಆಟದಲ್ಲಿ ನಾರ್ಸ್ ಬಣ್ಣವೂ ಬೆರೆತಿದೆ, ಆದರೆ ಹೆಸರೂ ನೆಲವೂ ಒಂದನ್ನೇ ಹೇಳುತ್ತವೆ. ಕೊರಿಯಾದ ‘ಮಾಬಿನೋಗಿ’ ಆಟದಲ್ಲಿ ಎವಿನ್ ಮಾಖಾ ಎಂಬ ನಗರವಿದೆ. ಅದು ಉತ್ತರ ಐರ್ಲೆಂಡಿನ ಆರ್ಮಾ ಬಳಿ ನಿಜವಾಗಿ ಇರುವ ಪ್ರಾಚೀನ ಕೋಟೆಯ ಹೆಸರು. ಅಷ್ಟು ತೂಕದ ಹೆಸರನ್ನು ಇಡಿಯಾಗಿ ಎತ್ತಿಕೊಳ್ಳುವುದು ನನಗೆ ಒಪ್ಪಿಗೆಯಿಲ್ಲ.

ಇನ್ನೊಂದು ಮಾತು. ವೆಲ್ಷ್, ಐರಿಷ್ ಎರಡನ್ನೂ ಒಂದೇ ಊರಿಗೆ ತುರುಕಬೇಡಿ. ವೆಲ್ಷ್‌ನಲ್ಲಿ ತಲೆಗೆ ‘ಪೆನ್’, ಐರಿಷ್‌ನಲ್ಲಿ ‘ಕ್ಯಾನ್’. ಮೂಲ ಒಂದೇ, ಒಲೆ ಬೇರೆ. ಎರಡು ರಾಜ್ಯಗಳಿಗೆ ಹಂಚಿ. ಬೆರೆಸಲೇಬೇಕೆಂದರೆ ಇಂಗ್ಲೆಂಡಿನ ಲ್ಯಾಂಕಷೈರಿನ ಪೆಂಡಲ್ ಹಿಲ್‌ನಂತೆ ಬೆರೆಸಿ. ಅಲ್ಲಿನ ಹಳೆಯ ಕೆಲ್ಟಿಕ್ ನುಡಿಯಲ್ಲಿ ‘ಪೆನ್’ ಎಂದರೆ ಗುಡ್ಡವೆಂಬುದು ಮರೆತುಹೋಗಿ ಇಂಗ್ಲಿಷರು ಅದಕ್ಕೆ ‘ಹಿಲ್’ ಅಂಟಿಸಿದರು, ಅದೂ ಸವೆದು ಪೆಂಡಲ್ ಆದ ಮೇಲೆ ಇನ್ನೊಂದು ‘ಹಿಲ್’ ಬಂತು. ಗುಡ್ಡಗುಡ್ಡಗುಡ್ಡ! ಯಾರ ಮೇಲೆ ಯಾರು ಬಂದರೆಂಬ ಕಥೆ ಆ ಹೆಸರಿನಲ್ಲೇ ಇದೆ.

ಮತ್ತೊಬ್ಬರು: ಇವು ಜನ ಮಾತಾಡುವ ಭಾಷೆಗಳೆಂದು ನೆನಪಿರಲಿ. ಸ್ನೋಡೋನಿಯಾ ರಾಷ್ಟ್ರೀಯ ಉದ್ಯಾನದ ಆಡಳಿತವು 2022ರಲ್ಲಿ ‘ಎರಾರಿ’ ಎಂಬ ವೆಲ್ಷ್ ಹೆಸರನ್ನೇ ಬಳಸಲು ತೀರ್ಮಾನಿಸಿತು. ರಾಕ್ಷಸರ ಬೈಗುಳಕ್ಕೆ ವೆಲ್ಷ್ ಕೊಡಬೇಡಿ.

ಪ್ರಶ್ನೆ ಕೇಳಿದವರು: ಎಲ್ಲರಿಗೂ ವಂದನೆ. ನಮ್ಮ ನಕಾಶೆಯಲ್ಲೂ ಬೆಟ್ಟದ ಮೇಲೊಂದು ‘ಅಬೆರ್’ ಇದೆ! ತೆಗೆಯೋಣ ಎಂದರೆ ಚಿತ್ರ ಬರೆಯುವ ಗೆಳತಿ ಬಿಡಲಿಲ್ಲ. ಊರ ಪಕ್ಕ ಬತ್ತಿದ ಹೊಳೆಯ ಪಾತ್ರವನ್ನೂ ಮರಳಿನಲ್ಲಿ ಹೂತ ದೋಣಿಯೊಂದನ್ನೂ ಬರೆದಿದ್ದಾಳೆ. ಕಡಲು ಎಲ್ಲಿಗೆ ಹೋಯಿತೆಂದು ಈಗ ನಾನು ಕಥೆ ಹೊಸೆಯಬೇಕು.