ರಾತ್ರಿ ಶುಗರ್ ಇಳಿದರೂ ಫೋನ್ ಕೂಗಲಿಲ್ಲ: ಪ್ರತ್ಯೇಕ ರೀಡರ್ ಕೊಳ್ಳಬೇಕೇ?

ಹೊಂಗೆನೆರಳು

ಎಲ್ಲರಿಗೂ ನಮಸ್ಕಾರ. ನನ್ನ ಅಪ್ಪನಿಗೆ ಅರವತ್ತೆಂಟು ವರ್ಷ, ಇನ್ಸುಲಿನ್ ತೆಗೆದುಕೊಳ್ಳುತ್ತಾರೆ. ಶುಗರ್ ಇಳಿದಾಗ ಮೊದಲಿನಂತೆ ಅವರಿಗೆ ನಡುಕವಾಗಲಿ ಬೆವರಾಗಲಿ ಬರುವುದಿಲ್ಲ. ಆದ್ದರಿಂದಲೇ ವೈದ್ಯರು ತೋಳಿಗೆ ಅಂಟಿಸುವ ಸೆನ್ಸರ್ ಹಾಕಿಸಿದರು. ರೀಡಿಂಗ್ ಅಪ್ಪನ ಆಂಡ್ರಾಯ್ಡ್ ಫೋನಿಗೆ ಬರುತ್ತದೆ. ನಾನು ಬೇರೆ ಊರಿನಲ್ಲಿರುವುದರಿಂದ ಅದನ್ನೇ ನನ್ನ ಫೋನಿನಲ್ಲೂ ನೋಡುವಂತೆ ಜೋಡಿಸಿಕೊಂಡಿದ್ದೇನೆ.

ಕಳೆದ ವಾರ ಒಂದು ರಾತ್ರಿ 2ರಿಂದ 3:30ರವರೆಗೆ ಅವರ ಗ್ಲೂಕೋಸ್ 58ರ ಆಸುಪಾಸಿನಲ್ಲಿತ್ತು. ಅಲಾರಂ 70ಕ್ಕೆ ಇಟ್ಟಿದ್ದೇವೆ. ಆದರೂ ಸದ್ದೇ ಆಗಲಿಲ್ಲ. ನನ್ನ ಫೋನಿಗೂ ಏನೂ ಬರಲಿಲ್ಲ. ಬೆಳಿಗ್ಗೆ ಅಪ್ಪ ಆ್ಯಪ್ ತೆರೆದಾಗ ಗ್ರಾಫಿನಲ್ಲಿ ಆ ಹಳ್ಳ ಕಣ್ಣಿಗೆ ಹೊಡೆಯುವಂತೆ ಕಾಣುತ್ತಿತ್ತು. ಗೆರೆ ಎಲ್ಲಿಯೂ ತುಂಡಾಗಿಲ್ಲ. ಅಂದರೆ ರಾತ್ರಿಯೆಲ್ಲ ಫೋನಿಗೆ ಲೆಕ್ಕ ಮುಟ್ಟುತ್ತಲೇ ಇತ್ತು ಎಂದಲ್ಲವೇ? ಮುಟ್ಟಿದ ಮೇಲೆ ಕೂಗದಿರಲು ಏನು ಕಾರಣ? ಸೆನ್ಸರಿನ ಲೆಕ್ಕ ತೋರಿಸಿ ಅಲಾರಂ ಕೂಗಲೆಂದೇ ಬರುವ ಪುಟ್ಟ ಸಾಧನ, ಅಂದರೆ ರೀಡರ್, ಕೊಂಡರೆ ಸರಿಹೋಗುತ್ತದೆಯೇ? ಫೋನ್ ಇರುವಾಗ ಇನ್ನೊಂದು ಪೆಟ್ಟಿಗೆ ಏಕೆ ಎಂದು ಅಪ್ಪ ಕೇಳುತ್ತಿದ್ದಾರೆ. ಆ ರಾತ್ರಿಯನ್ನು ನೆನೆದರೆ ನನಗೆ ಈಗಲೂ ಹೆದರಿಕೆಯಾಗುತ್ತದೆ. ತಿಳಿದವರು ದಯವಿಟ್ಟು ದಾರಿ ತೋರಿಸಿ.

ತಂತಿಪೆಟ್ಟಿಗೆ

ಹೊಂಗೆನೆರಳು ಅವರೇ, ರೀಡರ್ ವಿಷಯಕ್ಕೆ ಆಮೇಲೆ ಬರುತ್ತೇನೆ. ಆ ರಾತ್ರಿ ನಡೆದದ್ದೇನು ಎಂಬುದು ಮೊದಲು ಗೊತ್ತಾಗಲಿ.

ಗ್ರಾಫ್ ತುಂಡಾಗಿಲ್ಲ ಎಂದ ಮಾತ್ರಕ್ಕೆ ಫೋನ್ ರಾತ್ರಿಯೆಲ್ಲ ಸಂಪರ್ಕದಲ್ಲಿತ್ತು ಎಂದಾಗುವುದಿಲ್ಲ. ಸೆನ್ಸರಿನ ಒಳಗೇ ಸ್ವಲ್ಪ ಮೆಮೊರಿ ಇರುತ್ತದೆ. ಲಿಬ್ರೆ 2 ಎಂಬ ಸೆನ್ಸರ್ ಹಿಂದಿನ 8 ಗಂಟೆಗಳ ಲೆಕ್ಕವನ್ನು ಇಟ್ಟುಕೊಂಡಿರುತ್ತದೆ, ಡೆಕ್ಸ್‌ಕಾಂ ಕಂಪನಿಯ ಜಿ7 ಸೆನ್ಸರ್ 24 ಗಂಟೆಗಳದ್ದನ್ನು. ಫೋನ್ ರಾತ್ರಿ ಒಂದಕ್ಕೆ ಕೈಬಿಟ್ಟು ಬೆಳಿಗ್ಗೆ ಆರಕ್ಕೆ ಮತ್ತೆ ಜೋಡಿಕೊಂಡರೂ ಸೆನ್ಸರ್ ಹಳೆಯ ಲೆಕ್ಕವನ್ನೆಲ್ಲ ಒಪ್ಪಿಸುತ್ತದೆ, ಖಾಲಿ ಜಾಗ ತುಂಬಿಕೊಳ್ಳುತ್ತದೆ. ನೀವು ನೋಡಿದ ಆ ಹಳ್ಳವನ್ನು ಸೆನ್ಸರ್ ಅಳೆದದ್ದು ನಡುರಾತ್ರಿ. ಅದು ಫೋನನ್ನು ತಲುಪಿದ್ದು ಬಹುಶಃ ಅಪ್ಪ ಬೆಳಿಗ್ಗೆ ಆ್ಯಪ್ ತೆರೆದಾಗ. ಅಷ್ಟು ಹೊತ್ತಿಗೆ ಶುಗರ್ ಮೇಲೆ ಬಂದಿತ್ತು, ಕೂಗಲು ಕಾರಣವೇ ಉಳಿದಿರಲಿಲ್ಲ.

ಹೀಗೆ ಹೇಳಲು ಆಧಾರ ನಿಮ್ಮ ಮಾತಿನಲ್ಲೇ ಇದೆ. ನಿಮ್ಮ ಫೋನಿಗೆ ಬರುವುದು ಅಪ್ಪನ ಫೋನ್ ಇಂಟರ್ನೆಟ್ ಮೂಲಕ ಕಳಿಸಿದ ಲೆಕ್ಕ. ಅಪ್ಪನ ಫೋನಿನಲ್ಲಿ ಸದ್ದು ಮಾತ್ರ ಅಡಗಿದ್ದರೆ ನಿಮ್ಮದಾದರೂ ಕೂಗಬೇಕಿತ್ತು. ಎರಡೂ ಸುಮ್ಮನಿದ್ದವು ಎಂದರೆ ಅಪ್ಪನ ಫೋನಿಗೇ ಸುದ್ದಿ ಮುಟ್ಟಿಲ್ಲ. ಸಂಪರ್ಕ ತಪ್ಪಿದೆ ಎಂದು ಹೇಳುವ ಅಲಾರಂ ಕೂಡ ಇದೆ, ಲಿಬ್ರೆ 2ರಲ್ಲಿ 20 ನಿಮಿಷ ಸುದ್ದಿ ಬರದಿದ್ದರೆ ಅದು ಕೂಗಬೇಕು. ಆದರೆ ಕೂಗಬೇಕಾದದ್ದು ಅದೇ ಆ್ಯಪ್. ಫೋನ್ ಆ ಆ್ಯಪನ್ನೇ ನಿಲ್ಲಿಸಿಬಿಟ್ಟಿದ್ದರೆ ಹೇಳುವವರು ಯಾರು?

ಅಪ್ಪನ ಫೋನಿನಲ್ಲಿ ಇವನ್ನು ನೋಡಿ. ಬ್ಯಾಟರಿ ಉಳಿಸುವ ಸೆಟ್ಟಿಂಗ್‌ನಲ್ಲಿ ಈ ಆ್ಯಪಿಗೆ ವಿನಾಯಿತಿ ಕೊಟ್ಟಿದೆಯೇ? ಬಳಸದ ಆ್ಯಪ್‌ಗಳನ್ನು ತಾನಾಗಿಯೇ ಮಲಗಿಸುವ ಏರ್ಪಾಡು ಅನೇಕ ಫೋನ್‌ಗಳಲ್ಲಿ ಬೇರೆಯೇ ಒಂದು ಕಡೆ ಇರುತ್ತದೆ, ಅಲ್ಲಿಯೂ ಈ ಆ್ಯಪಿನ ಹೆಸರು ಇರಬಾರದು. ಇತ್ತೀಚೆಗೆ ಫೋನಿನ ಸಾಫ್ಟ್‌ವೇರ್ ಅಪ್‌ಡೇಟ್ ಆಗಿದೆಯೇ? ಅಪ್ಪ ರಾತ್ರಿ ಮಲಗುವ ಮುಂಚೆ ತೆರೆದ ಆ್ಯಪ್‌ಗಳನ್ನೆಲ್ಲ ಸರಿಸಿ ಮುಚ್ಚುತ್ತಾರೆಯೇ? ಅನೇಕ ಹಿರಿಯರಿಗೆ ಈ ಅಭ್ಯಾಸವಿದೆ, ಫೋನ್ ಹಗುರವಾಗುತ್ತದೆ ಎಂಬ ನಂಬಿಕೆಯಿಂದ. ಬ್ಲೂಟೂತ್ ಇಯರ್‌ಫೋನ್ ಬಳಸುತ್ತಾರೆಯೇ?

2025ರ ಫೆಬ್ರುವರಿಯಲ್ಲಿ ಅಮೆರಿಕದ ಔಷಧ ಮತ್ತು ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇದೇ ವಿಷಯವಾಗಿ ಎಚ್ಚರಿಕೆ ಹೊರಡಿಸಿತು. ಫೋನ್ ಸೆಟ್ಟಿಂಗ್, ಸಾಫ್ಟ್‌ವೇರ್ ಅಪ್‌ಡೇಟ್, ಹೊಸದಾಗಿ ಜೋಡಿಸಿದ ಇಯರ್‌ಫೋನ್ ಮುಂತಾದ ಕಾರಣಗಳಿಂದ ಮಧುಮೇಹದ ಸಾಧನಗಳ ಅಲಾರಂ ಕೇಳಿಸದೆ ಹೋಗುತ್ತಿದೆ, ತಿಂಗಳಿಗೊಮ್ಮೆಯಾದರೂ ಸೆಟ್ಟಿಂಗ್ ಪರೀಕ್ಷಿಸಿ ಎಂಬುದು ಅದರ ಸಾರ. ನಿಮ್ಮ ಮನೆಯಲ್ಲಿ ಆದದ್ದು ಅಪರೂಪದ ಘಟನೆಯಲ್ಲ.

ನಿಮ್ಮದು ಯಾವ ಸೆನ್ಸರ್, ರಾತ್ರಿ ಅಪ್ಪನ ಕೋಣೆಯಲ್ಲಿ ಬೇರೆ ಯಾರಾದರೂ ಇರುತ್ತಾರೆಯೇ, ಇವೆರಡನ್ನೂ ತಿಳಿಸಿ. ರೀಡರ್ ಬೇಕೋ ಬೇಡವೋ ಎಂಬುದಕ್ಕೆ ಎರಡನೆಯದೇ ಮುಖ್ಯ.

ನೀಲಿಶಾಯಿ

ಒಂದು ಮಾತು ಸೇರಿಸುತ್ತೇನೆ. ಸೆನ್ಸರ್ ಇರುವ ತೋಳಿನ ಮೇಲೆಯೇ ಭಾರ ಹಾಕಿ ಮಲಗಿದರೆ ಇಲ್ಲದ ಇಳಿತವನ್ನು ತೋರಿಸುವುದುಂಟು. ಥಟ್ಟನೆ ಕುಸಿದು, ಮಗ್ಗುಲು ಬದಲಿಸಿದ ಮೇಲೆ ಥಟ್ಟನೆ ಏರಿದ್ದರೆ ಅದೇ ಇರಬಹುದು. ನಿಮ್ಮ ಗ್ರಾಫ್ ಹೇಗಿದೆ ನೋಡಿ. ನಿಜವಾದ ಇಳಿತವಾಗಿರಲಿ ಆಗದಿರಲಿ, 70ಕ್ಕಿಂತ ಕೆಳಗೆ ಹೋದಾಗ ಅಲಾರಂ ಕೂಗಲೇಬೇಕಿತ್ತು. ಹಾಗಾಗಿ ತಂತಿಪೆಟ್ಟಿಗೆ ಅವರು ಹೇಳಿದ ತನಿಖೆಯನ್ನು ಬಿಡಬೇಡಿ.

ಹೊಂಗೆನೆರಳು

ವಾರಾಂತ್ಯಕ್ಕೆ ಊರಿಗೆ ಹೋಗಿ ಎಲ್ಲವನ್ನೂ ನೋಡಿದೆ. ನಮ್ಮದು ಲಿಬ್ರೆ 2. ಅಪ್ಪನ ಫೋನಿಗೆ ಆ ಘಟನೆಗೆ ಸ್ವಲ್ಪ ಮುಂಚೆ ದೊಡ್ಡ ಅಪ್‌ಡೇಟ್ ಬಂದಿತ್ತು. ಅದಾದ ಮೇಲೆ ಬ್ಯಾಟರಿ ವಿನಾಯಿತಿ ತಾನಾಗಿಯೇ ಹೋಗಿದೆ. ಮಲಗಿಸುವ ಪಟ್ಟಿಯಲ್ಲಿ ಈ ಆ್ಯಪಿನ ಹೆಸರೂ ಇತ್ತು. ಹಿಂದೆ ನಾನೇ ಕೂತು ಆ ವಿನಾಯಿತಿ ಕೊಟ್ಟಿದ್ದೆ, ಅದು ಹೋಗಿದೆ ಎಂದು ಫೋನ್ ಯಾರಿಗೂ ಹೇಳಿಲ್ಲ.

ಇನ್ನೊಂದು ಸಂಗತಿ. ಅಪ್ಪ ಮಲಗುವಾಗ ಇಯರ್‌ಫೋನಿನಲ್ಲಿ ಸಂಗೀತ ಕೇಳುತ್ತಾರೆ. ನಿದ್ದೆ ಹತ್ತಿದಾಗ ಅದು ಕಿವಿಯಿಂದ ಜಾರಿ ದಿಂಬಿನ ಕೆಳಗೆ ಸೇರುತ್ತದೆ, ಫೋನಿನೊಂದಿಗೆ ಜೋಡಣೆ ಹಾಗೆಯೇ ಇರುತ್ತದೆ. ಪರೀಕ್ಷಿಸಲು ಅದನ್ನು ದಿಂಬಿನ ಕೆಳಗಿಟ್ಟು ಒಂದು ವೀಡಿಯೊ ಹಾಕಿದೆ. ಕೋಣೆಯಲ್ಲಿ ನಿಂತರೆ ಏನೂ ಕೇಳಿಸಲಿಲ್ಲ, ದಿಂಬಿಗೆ ಕಿವಿ ಒತ್ತಿದಾಗ ಮಾತ್ರ ಇರುವೆ ಹರಿದಷ್ಟು ಸದ್ದು.

ರಾತ್ರಿ ಅಪ್ಪನ ಪಕ್ಕದಲ್ಲಿ ಅಮ್ಮ ಮಲಗಿರುತ್ತಾರೆ. ಅಮ್ಮನಿಗೆ ಸಣ್ಣ ಸದ್ದಿಗೂ ಎಚ್ಚರವಾಗುತ್ತದೆ. ಫೋನ್ ಬಳಸುವುದು ಅವರಿಗೆ ಅಷ್ಟಾಗಿ ಬರುವುದಿಲ್ಲ.

ತಂತಿಪೆಟ್ಟಿಗೆ

ಅಮ್ಮ ಪಕ್ಕದಲ್ಲೇ ಇರುತ್ತಾರೆ ಎಂದಿರಲ್ಲ, ಅಲ್ಲಿಗೆ ಉತ್ತರ ಸಿಕ್ಕಿತು. ರೀಡರ್ ತನ್ನಿ.

ಕಾರಣ ಹೇಳುತ್ತೇನೆ. ರಾತ್ರಿ ಎರಡು ಗಂಟೆಗೆ ಅಪ್ಪನ ಬಾಯಿಗೆ ಗ್ಲೂಕೋಸ್ ಹಾಕಬಲ್ಲವರು ಅಮ್ಮ ಒಬ್ಬರೇ. ನೀವು ದೂರದಲ್ಲಿ ಎಚ್ಚರಗೊಂಡರೂ ಮಾಡುವುದು ಅಮ್ಮನಿಗೆ ಫೋನ್. ಹಾಗಿರುವಾಗ ಅಲಾರಂ ಮೊದಲು ಮುಟ್ಟಬೇಕಾದದ್ದು ಅಮ್ಮನ ಕಿವಿಗೆ, ಅದೂ ಇಂಟರ್ನೆಟ್, ಅಪ್‌ಡೇಟ್, ಇಯರ್‌ಫೋನ್ ಯಾವುದರ ಹಂಗೂ ಇಲ್ಲದೆ. ಫೋನಿಗೆ ನೂರು ಕೆಲಸ. ಅದರ ತಯಾರಕರು ಬ್ಯಾಟರಿ ಹೆಚ್ಚು ಹೊತ್ತು ಬರಲಿ ಎಂದು ಯೋಚಿಸುತ್ತಾರೆಯೇ ಹೊರತು ನಿಮ್ಮ ಅಪ್ಪನ ಶುಗರ್ ಬಗ್ಗೆ ಅಲ್ಲ. ರೀಡರಿಗೆ ಇರುವುದು ಒಂದೇ ಕೆಲಸ, ಅದನ್ನು ನಡುವೆ ನಿಲ್ಲಿಸುವ ಬೇರೆ ಆ್ಯಪ್ ಅದರಲ್ಲಿಲ್ಲ.

ಆದರೆ ನೀವು ಕಳೆದುಕೊಳ್ಳುವುದೂ ಇದೆ. ಲಿಬ್ರೆ 2ರಲ್ಲಿ ಸೆನ್ಸರನ್ನು ಯಾವ ಸಾಧನದಿಂದ ಆರಂಭಿಸುತ್ತೀರೋ ಅಲಾರಂ ಅದಕ್ಕೆ ಮಾತ್ರ. ರೀಡರಿನಿಂದ ಆರಂಭಿಸಿ, ಮೊದಲ 60 ನಿಮಿಷಗಳ ಕಾಯುವ ಅವಧಿ ಮುಗಿಯುವ ಮುಂಚೆ ಫೋನನ್ನೂ ಒಮ್ಮೆ ಸೆನ್ಸರಿನ ಹತ್ತಿರ ಹಿಡಿದು ಸ್ಕ್ಯಾನ್ ಮಾಡಿದರೆ ಎರಡರಲ್ಲೂ ನೋಡಬಹುದು. ಕೂಗುವುದು ಮಾತ್ರ ರೀಡರ್. ಅಪ್ಪ ಫೋನಿನಿಂದ ಸ್ಕ್ಯಾನ್ ಮಾಡಿದಾಗಷ್ಟೇ ನಿಮಗೆ ಲೆಕ್ಕ ಸಿಗುತ್ತದೆ, ರಾತ್ರಿ ನಿಮ್ಮ ಫೋನಿಗೆ ಎಚ್ಚರಿಕೆ ಬರುವುದಿಲ್ಲ. ನಿಮ್ಮ ಮನಸ್ಸಿಗೆ ಇದು ಕಷ್ಟವಾಗಬಹುದು ಎಂದು ಬಲ್ಲೆ. ಆದರೂ ಅಪ್ಪನಿಗೆ ಇದೇ ಕ್ಷೇಮ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಫೋನಿನಿಂದ ಆರಂಭಿಸಿದ ಸೆನ್ಸರನ್ನು ನಡುವೆ ರೀಡರಿಗೆ ಸೇರಿಸಲು ಬರುವುದಿಲ್ಲ. ಈಗಿನದು ಮುಗಿಯುವವರೆಗೆ ಫೋನಿನಲ್ಲೇ ನಡೆಸಿ, ವಿನಾಯಿತಿ ಮತ್ತೆ ಕೊಡಿ, ಮಲಗುವ ಮುಂಚೆ ಇಯರ್‌ಫೋನ್ ಜೋಡಣೆ ಬಿಡಿಸಿ. ಅಲಾರಂ ನಿಜವಾಗಿ ಕೂಗುತ್ತದೆಯೇ ಎಂದು ನೋಡಲು ಒಂದು ಉಪಾಯ: ಊಟಕ್ಕೆ ಮುಂಚೆ ಮೇಲ್ಮಿತಿಯ ಅಲಾರಂ ಅನ್ನು 120ಕ್ಕೆ ಇಳಿಸಿ, ಫೋನ್ ಲಾಕ್ ಮಾಡಿ, ಮುಟ್ಟದೆ ಬಿಡಿ. ಊಟದ ನಂತರ ಗ್ಲೂಕೋಸ್ ಆ ಗೆರೆ ದಾಟಿದಾಗ ಫೋನ್ ಕೂಗಬೇಕು. ಪರೀಕ್ಷೆ ಮುಗಿದ ಮೇಲೆ ವೈದ್ಯರು ಹೇಳಿದ ಮಿತಿಗೆ ಮರಳಿಸುವುದನ್ನು ಮರೆಯಬೇಡಿ.

ಪುಟ್ಟಿಯಮ್ಮ

ನಮ್ಮ ಮನೆಯ ಅನುಭವ ಬೇರೆ. ಮಗಳಿಗೆ ಟೈಪ್ 1, ಶಾಲೆಗೆ ಹೋಗುತ್ತಾಳೆ. ಅವಳ ಲೆಕ್ಕ ನನ್ನ ಕಣ್ಣೆದುರು ಇರದಿದ್ದರೆ ನಾನು ಕೆಲಸಕ್ಕೆ ಹೋಗಲಾರೆ. ರೀಡರ್ ಅದನ್ನು ನನಗೆ ಕಳಿಸುವುದಿಲ್ಲ, ಅದಕ್ಕೆ ಇಂಟರ್ನೆಟ್ಟೇ ಇಲ್ಲ. ಮಕ್ಕಳಿರುವ ಮನೆಗಳಿಗೆ ಫೋನ್ ಬಿಟ್ಟು ರೀಡರ್ ಹಿಡಿಯಿರಿ ಎನ್ನಬೇಡಿ.

ತಂತಿಪೆಟ್ಟಿಗೆ

ಪುಟ್ಟಿಯಮ್ಮ ಅವರೇ, ನಿಮ್ಮ ಮಾತು ನೂರಕ್ಕೆ ನೂರು ಸರಿ. ಮಗಳ ಶುಗರ್ ಇಳಿದರೆ ಶಾಲೆಗೆ ಫೋನ್ ಮಾಡಿ ಓಡಬೇಕಾದವರು ನೀವು, ಆದ್ದರಿಂದ ನಿಮಗೆ ಮುಟ್ಟಲೇಬೇಕು. ನೀವು ಬಳಸುವುದು ಡೆಕ್ಸ್‌ಕಾಂ ಜಿ6 ಅಥವಾ ಜಿ7 ಆಗಿದ್ದರೆ ಎರಡರಲ್ಲಿ ಒಂದನ್ನು ಆರಿಸುವ ಪ್ರಮೇಯವೇ ಇಲ್ಲ. ಅವು ಫೋನಿಗೂ ಕಂಪನಿಯ ರಿಸೀವರಿಗೂ (ರೀಡರಿಗೆ ಡೆಕ್ಸ್‌ಕಾಂ ಇಟ್ಟ ಹೆಸರು) ಒಟ್ಟಿಗೆ ಕಳಿಸುತ್ತವೆ, ಅಲಾರಂ ಎರಡರಲ್ಲೂ ಬರುತ್ತದೆ. ಫೋನ್ ಮಗಳ ಚೀಲದಲ್ಲಿರಲಿ, ರಾತ್ರಿ ರಿಸೀವರ್ ಅವಳ ಮಂಚದ ಬಳಿ ಇರಲಿ.

ರೀಡರ್ ಎಂದೂ ಕೆಡುವುದಿಲ್ಲ ಎಂದು ಯಾರೂ ತಿಳಿಯಬಾರದು. ಡೆಕ್ಸ್‌ಕಾಂ 2025ರಲ್ಲಿ ಕೆಲವು ರಿಸೀವರ್‌ಗಳನ್ನು ಸ್ಪೀಕರ್ ಸದ್ದು ಮಾಡದಿರಬಹುದೆಂಬ ಕಾರಣಕ್ಕೆ ಹಿಂಪಡೆಯಿತು, ಎಫ್‌ಡಿಎ ಅದನ್ನು ಅತಿ ಗಂಭೀರವಾದ ಒಂದನೇ ದರ್ಜೆಗೆ ಸೇರಿಸಿತು. ಲಿಬ್ರೆ ರೀಡರ್‌ಗಳ ಬ್ಯಾಟರಿ ಉಬ್ಬಬಹುದು, ಬಿಸಿಯಾಗಿ ಹೊತ್ತಿಕೊಳ್ಳಬಹುದು ಎಂಬ ಎಚ್ಚರಿಕೆಯೂ 2023ರಲ್ಲಿ ಬಂದಿದೆ. ಆದ್ದರಿಂದ ಜೊತೆಗೆ ಬಂದ ಕೇಬಲ್ ಮತ್ತು ಅಡಾಪ್ಟರ್‌ನಿಂದಲೇ ಚಾರ್ಜ್ ಮಾಡಿ. ಪ್ರತಿ ಸಲ ಚಾರ್ಜಿಗೆ ಹಾಕಿದಾಗಲೂ ಸದ್ದು, ಕಂಪನ ಎರಡೂ ಬರುತ್ತಿವೆಯೇ ಎಂದು ನೋಡಿ. ಬ್ಯಾಟರಿ ಉಬ್ಬಿದಂತೆ ಕಂಡರೆ ಅಂದೇ ಬಳಕೆ ನಿಲ್ಲಿಸಿ.

ಹೊಂಗೆನೆರಳು

ರೀಡರ್ ತಂದು, ಹೊಸ ಸೆನ್ಸರನ್ನು ಅದರಿಂದಲೇ ಆರಂಭಿಸಿದೆವು. ಮೊನ್ನೆ ರಾತ್ರಿ ಅದು ಕೂಗಿತು, ಅಮ್ಮ ಎದ್ದರು! ಆದರೆ ಪರದೆಯ ಮೇಲೆ ಗ್ಲೂಕೋಸ್ ಕಡಿಮೆ ಎಂದಷ್ಟೇ ಇತ್ತಂತೆ, ಸಂಖ್ಯೆ ಕಾಣಲಿಲ್ಲವಂತೆ. ಅಮ್ಮ ಗಾಬರಿಯಾದರು. ಇನ್ನೂ ಎರಡು ತೊಡಕುಗಳಿವೆ: ಹಗಲಿನ ಊಟದ ಏರಿಕೆ ರೀಡರಿನ ಗ್ರಾಫಿನಲ್ಲಿ ನಡುರಾತ್ರಿ ಕಾಣಿಸುತ್ತಿದೆ. ಕಂಪ್ಯೂಟರಿಗೆ ಜೋಡಿಸಿದರೆ ಚಾರ್ಜ್ ಆಗುತ್ತದೆ, ಆದರೆ ವೈದ್ಯರಿಗೆ ತೋರಿಸಲು ಲೆಕ್ಕ ಕೂಡಿಡುವ ಲಿಬ್ರೆವ್ಯೂ ಎಂಬ ಜಾಲತಾಣಕ್ಕೆ ಅದು ಏರುವುದಿಲ್ಲ.

ತಂತಿಪೆಟ್ಟಿಗೆ

ಅಮ್ಮನಿಗೆ ಎಚ್ಚರವಾಯಿತು ಎಂದು ಓದಿ ಬಹಳ ಸಮಾಧಾನವಾಯಿತು.

ಲಿಬ್ರೆ 2 ರೀಡರಿನ ಅಲಾರಂ ಸಂಖ್ಯೆಯನ್ನು ತೋರಿಸುವುದಿಲ್ಲ. ಅಲಾರಂ ಬಂದ ಮೇಲೆ ರೀಡರನ್ನು ಸೆನ್ಸರಿನಿಂದ 4 ಸೆಂಟಿಮೀಟರ್ ಒಳಗೆ ಹಿಡಿದು ಸ್ಕ್ಯಾನ್ ಮಾಡಬೇಕು, ಆಗ ಸಂಖ್ಯೆಯೂ, ಶುಗರ್ ಏರುತ್ತಿದೆಯೋ ಇಳಿಯುತ್ತಿದೆಯೋ ಎಂದು ಹೇಳುವ ಬಾಣದ ಗುರುತೂ ಬರುತ್ತವೆ. ತೋಳಿನ ಬಟ್ಟೆ ಸರಿಸಬೇಕಾಗಿಲ್ಲ. ಅಮ್ಮನಿಗೆ ಹಗಲಿನಲ್ಲಿ, ದೀಪ ಆರಿಸಿದ ಕೋಣೆಯಲ್ಲಿ, ನಾಲ್ಕಾರು ಸಲ ಮಾಡಿಸಿ ಅಭ್ಯಾಸವಾಗಲಿ. ಬಾಣ ಕೆಳಮುಖವಾಗಿದ್ದರೆ ಕಾಯಬಾರದು ಎಂಬುದನ್ನೂ ಹೇಳಿಕೊಡಿ. ಸೆನ್ಸರ್ ಅಳೆಯುವುದು ಚರ್ಮದಡಿಯ ದ್ರವವನ್ನು, ರಕ್ತದಲ್ಲಿನ ಇಳಿತ ಅಲ್ಲಿ ಕಾಣಲು ಕೆಲವು ನಿಮಿಷ ಬೇಕು. ಪರದೆಯಲ್ಲಿ 72 ಇರುವಾಗ ರಕ್ತದಲ್ಲಿ ಅದಕ್ಕಿಂತ ಕಡಿಮೆ ಇರಬಹುದು. ಅಪ್ಪನ ಸ್ಥಿತಿಗೂ ಸಂಖ್ಯೆಗೂ ತಾಳೆಯಾಗದಿದ್ದರೆ ಬೆರಳು ಚುಚ್ಚಿ ನೋಡಲಿ. ರೀಡರಿನಲ್ಲೇ ಸ್ಟ್ರಿಪ್ ಹಾಕುವ ಕಿಂಡಿ ಇದೆ, ಅದಕ್ಕೆ ಹೊಂದುವ ಸ್ಟ್ರಿಪ್ ಮಾತ್ರ ಬೇಕು.

ಊಟದ ಏರಿಕೆ ನಡುರಾತ್ರಿ ಕಾಣುವುದು ಗಡಿಯಾರದ ತಪ್ಪು. ರೀಡರಿಗೆ ಸಮಯವನ್ನು ಕೈಯಿಂದಲೇ ಕೊಡಬೇಕು, ಹಗಲು ರಾತ್ರಿಯ ಹನ್ನೆರಡು ಗಂಟೆ ಅದಲುಬದಲಾಗಿರುತ್ತದೆ. ಈಗಲೇ ಸರಿಪಡಿಸಿ. ವೈದ್ಯರು ಗ್ರಾಫ್ ನೋಡಿ ರಾತ್ರಿಯ ಇನ್ಸುಲಿನ್ ಬದಲಿಸುವವರು, ತಪ್ಪು ಗಂಟೆಯ ಗ್ರಾಫ್ ಅವರ ಕೈಗೆ ಹೋಗಬಾರದು.

ಇನ್ನು ಕೇಬಲ್. ಚಾರ್ಜ್ ಆಗುತ್ತದೆ, ಕಂಪ್ಯೂಟರ್ ಗುರುತಿಸುವುದಿಲ್ಲ ಎಂದರೆ ನೀವು ಬಳಸುತ್ತಿರುವುದು ವಿದ್ಯುತ್ ಮಾತ್ರ ಹರಿಸುವ ಕೇಬಲ್ ಇರಬಹುದು, ಅದರೊಳಗೆ ಡೇಟಾ ತಂತಿ ಇರುವುದಿಲ್ಲ. ರೀಡರ್ ಪೆಟ್ಟಿಗೆಯಲ್ಲಿ ಬಂದದ್ದನ್ನೇ ಹಾಕಿ ನೋಡಿ.

ರಾತ್ರಿ ರೀಡರನ್ನು ಅಮ್ಮನ ಕಡೆಯ ಮೇಜಿನ ಮೇಲಿಡಿ, ದಿಂಬಿನ ಕೆಳಗೆ ಬೇಡ. ಅಡ್ಡಿಯಿಲ್ಲದಿದ್ದರೆ 6 ಮೀಟರ್‌ವರೆಗೆ ಸಂಪರ್ಕ ಸಿಗುತ್ತದೆ, ಆದರೆ ನಡುವೆ ಮೈ ಅಡ್ಡ ಬಂದರೆ ಬ್ಲೂಟೂತ್ ಕುಗ್ಗುತ್ತದೆ. ಮುಂದಿನ ಸೆನ್ಸರನ್ನು ಅಮ್ಮ ಇರುವ ಕಡೆಯ ತೋಳಿಗೆ ಹಾಕಿಸಿದರೆ ಇನ್ನೂ ಒಳ್ಳೆಯದು.

ಹೊಂಗೆನೆರಳು

ಕೇಬಲ್ ಬದಲಿಸಿದೆ, ಲೆಕ್ಕ ಏರಿತು. ಸಮಯವೂ ಹಗಲು ರಾತ್ರಿ ಅದಲುಬದಲಾಗಿತ್ತು, ಸರಿಪಡಿಸಿದೆ. ಸರಿಪಡಿಸುವ ಮುಂಚಿನ ದಿನಗಳ ಗಂಟೆಯನ್ನು ನಂಬಬೇಡಿ ಎಂದು ವೈದ್ಯರಿಗೆ ಕೊಡುವ ಗ್ರಾಫಿನ ಮೇಲೆ ಪೆನ್ನಿನಿಂದ ಬರೆದಿಟ್ಟಿದ್ದೇನೆ. ನಿಮ್ಮೆಲ್ಲರಿಗೂ ಮನಸಾರೆ ಧನ್ಯವಾದಗಳು.