ದೊರೆಗೆ ಕೊಟ್ಟ ಶಾಪ ಭಟನಿಗೂ ತಟ್ಟಿದರೆ: ಜೋಳವಾಳಿಯೋ, ವೇಳೆವಾಳಿಯೋ?

ಪ್ರಶ್ನೆ: ಕಲ್ಪಿತ ರಾಜ್ಯವೊಂದರ ಕಾದಂಬರಿ. ದೊರೆಗೆ ಶಾಪವಿದೆ. ‘ನೀವು ಹೋದ ಮೇಲೆ ನಾನೂ ಇರುವುದಿಲ್ಲ’ ಎಂದು ಮಾತು ಕೊಟ್ಟಿರುವ ಮೈಗಾವಲಿನ ಭಟನನ್ನೂ ಆ ಶಾಪ ಬಿಡುವುದಿಲ್ಲ. ‘ಅಂಗರಕ್ಷಕ’ ಎಂದರೆ ತೀರ ಈಚಿನ ಮಾತಾಗುತ್ತದೆ. ಅವನದು ಜೋಳವಾಳಿ ಎನ್ನಬಹುದೆ? ‘ಶಾಪಗ್ರಸ್ತ’ ಎಂಬ ಪದ ಇಬ್ಬರಿಗೂ ಸಲ್ಲುತ್ತದೆಯೆ?

ಉತ್ತರ: ಜೋಳವಾಳಿ ಇಲ್ಲಿ ಹೊಂದುವುದಿಲ್ಲ. ಅದು ಅನ್ನದ ಋಣ. ಒಡೆಯನ ಜೋಳ ಉಂಡದ್ದಕ್ಕೆ ಅವನ ಪರವಾಗಿ ಕಾದಿ ಮಡಿಯುವುದು. ಪಂಪಭಾರತದ (941) ಕರ್ಣ ದುರ್ಯೋಧನನನ್ನು ಬಿಡದಿರುವುದರಲ್ಲಿ ಈ ‘ಜೋಳದ ಪಾೞಿ’ ಇದೆ. ಆ ಋಣ ರಣರಂಗದಲ್ಲಿ ತೀರುತ್ತದೆ. ದೊರೆ ಶಾಪದಿಂದ ನರಳಿ ಹಾಸಿಗೆಯಲ್ಲೇ ಸತ್ತರೆ ಜೋಳವಾಳಿಯವನು ಜೊತೆಗೆ ಸಾಯಬೇಕಾಗಿಲ್ಲ.

ನಿಮಗೆ ಬೇಕಾದದ್ದು ವೇಳೆವಾಳಿ. ಒಡೆಯನ ಸಾವು ಹೇಗೇ ಬರಲಿ, ಅವನೊಡನೆ ತಾನೂ ಪ್ರಾಣ ಬಿಡುತ್ತೇನೆಂಬ ಭಾಷೆ ಅದು. ಆದರೆ ಅದು ಕಟ್ಟಳೆಯ ಹೆಸರು, ಆಳಿನ ಹೆಸರಲ್ಲ. ‘ಒಬ್ಬ ವೇಳೆವಾಳಿ ಬಂದ’ ಎಂದು ಬರೆದರೆ ಎಡವಟ್ಟು. ಆಳಿಗೆ ‘ಲೆಂಕ’ ಎನ್ನಿ, ಹೊಯ್ಸಳರ ಕಾಲದ ಬಣ್ಣ ಬೇಕಿದ್ದರೆ ‘ಗರುಡ’ ಎನ್ನಿ. ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಬಳಿಯ ಗರುಡಗಂಬವನ್ನು ಒಮ್ಮೆ ಹತ್ತಿರದಿಂದ ನೋಡಬೇಕು: ಕತ್ತಿ ಹಿಡಿದು ತಮ್ಮ ತಲೆಯನ್ನೇ ಅರಿದುಕೊಳ್ಳುತ್ತಿರುವ ಭಟರ ಶಿಲ್ಪಗಳಿವೆ. ಇಮ್ಮಡಿ ಬಲ್ಲಾಳನ ಗರುಡ ಕುವರ ಲಕ್ಷ್ಮ, ಅವನ ಹೆಂಡತಿ ಸುಗ್ಗಲದೇವಿ, ಜೊತೆಗೆ ಸಾವಿರ ವೀರರು ಪ್ರಾಣ ಕೊಟ್ಟದ್ದನ್ನು ಅಲ್ಲಿನ ಶಾಸನ ಹೇಳುತ್ತದೆ. ಈ ಭಾಷೆಯ ಗುರುತಾಗಿ ಎಡಗಾಲಿಗೆ ತೊಡರು ಎಂಬ ಕಡಗ ತೊಡುತ್ತಿದ್ದರು. ಕಾದಂಬರಿಗೆ ಇದಕ್ಕಿಂತ ಒಳ್ಳೆಯ ವಿವರ ಸಿಗದು: ಭಟನ ಕಾಲಿನ ತೊಡರು ಕಂಡೊಡನೆ ಓದುಗನಿಗೆ ಅವನ ಗತಿ ತಿಳಿಯುತ್ತದೆ. ಇನ್ನೂ ಹಿಂದೆ, ಗಂಗರ ಕಾಲದಲ್ಲಿ, ಒಡೆಯ ಸತ್ತಾಗ ಅವನೊಡನೆ ಸಾಯುವ ಆಳಿಗೆ ‘ಕೀೞ್ಗುಂಟೆ’ ಎಂಬ ಪದವಿದೆ. ದೊಡ್ಡಹುಂಡಿಯ ಶಾಸನದ ಕಲ್ಲಿನಲ್ಲಿ ಗಂಗ ದೊರೆ ನೀತಿಮಾರ್ಗನಿಗೆ ಅಗರಯ್ಯ ಕೀೞ್ಗುಂಟೆಯಾದ ಮಾತು ಬರುತ್ತದೆ.

‘ಶಾಪಗ್ರಸ್ತ’ ದೊರೆಗೆ ಸರಿ. ಭಟನಿಗೆ ಯಾರೂ ಶಾಪ ಕೊಟ್ಟಿಲ್ಲ. ಅವನಿಗೆ ಶಾಪ ‘ತಟ್ಟಿದೆ’. ಕೊಡುವುದು, ಹಾಕುವುದು, ಇಡುವುದು ಶಪಿಸುವವರ ಕೆಲಸ. ತಟ್ಟುವುದು ಗುರಿಯ ಆಚೆಗೂ ಹಬ್ಬುತ್ತದೆ. ಅಪ್ಪನಿಗೆ ಹಾಕಿದ ಶಾಪ ಮಕ್ಕಳಿಗೆ ತಟ್ಟಿತು ಎನ್ನುವುದಿಲ್ಲವೆ? ‘ತಲಕಾಡು ಮರಳಾಗಲಿ, ಮಾಲಂಗಿ ಮಡುವಾಗಲಿ, ಮೈಸೂರು ದೊರೆಗಳಿಗೆ ಮಕ್ಕಳಾಗದಿರಲಿ’ ಎಂದು ಅಲಮೇಲಮ್ಮನ ಬಾಯಲ್ಲಿ ಜನ ಹೇಳಿಸುವ ಶಾಪದಲ್ಲೂ ಊರಿದೆ, ಹೊಳೆಯಿದೆ, ವಂಶವಿದೆ. ಒಡವೆಗಾಗಿ ಆಕೆಯನ್ನು ಅಟ್ಟಿಸಿಕೊಂಡು ಹೋದ ಭಟರ ಮಾತಿಲ್ಲ. ನಿಮ್ಮ ಕಥೆಗೆ ಅಲ್ಲೇ ಜಾಗವಿದೆ.

ಶಾಸನಗಳ ಕೊನೆಯ ‘ಸಾಸಿರ ಕವಿಲೆಯಂ ಕೊಂದ ಪಾಪ’ದ ಸಾಲುಗಳನ್ನು ಇದರೊಡನೆ ಬೆರೆಸಬೇಡಿ. ಅದು ಶಾಪಾಶಯ, ಎಂದರೆ ದತ್ತಿಯ ಕಾವಲಿಗೆ ಬರೆದ ಶಾಪದ ಮಾತು; ದತ್ತಿ ಅಳಿದವನಿಗೆ ಮಾತ್ರ, ಅಳಿದರೆ ಮಾತ್ರ.

ಬಿಡುಗಡೆಗೂ ಎರಡು ಪದಗಳಿವೆ. ಶಾಪ ಕೊಟ್ಟವರೇ ಕರಗಿ ‘ಇಂಥದ್ದಾದಾಗ ತೀರಲಿ’ ಎಂದರೆ ಉಶ್ಶಾಪ; ಅದು ಕೈಗೂಡಿದ ಗಳಿಗೆ ಶಾಪವಿಮೋಚನೆ. ಇವೆರಡೂ ದೊರೆಯವು. ಭಟ ಕೊಟ್ಟದ್ದು ಭಾಷೆ. ಅದಕ್ಕೆ ಉಶ್ಶಾಪವಿಲ್ಲ, ಭಾಷೆಯನ್ನು ಸಲ್ಲಿಸಬೇಕು, ಇಲ್ಲವೇ ಅದಕ್ಕೆ ತಪ್ಪಬೇಕು.