ಬಿರುಕು ಬಿಟ್ಟ ಫ್ರೇಮು, ಇರ್ಫಾನನ ಹೆಸರಿನ ಬಿಲ್ಲು

ದಾವಣಗೆರೆಯಲ್ಲಿ ಮೆಕ್ಯಾನಿಕಲ್ ಓದಿದ ನಮ್ಮ ಬ್ಯಾಚಿನ ಐದು ಜನ ಸೇರಿ ದುಡ್ಡು ಹಾಕಿ ಒಂದು ಎಂಟಿಬಿ (ಮೌಂಟನ್ ಬೈಕ್) ಸೈಕಲ್ ಕೊಂಡಿದ್ದಾರೆ. ಸರದಿಯ ಮೇಲೆ ಒಬ್ಬೊಬ್ಬರ ಮನೆಯಲ್ಲಿ ಇರುತ್ತದೆ. ಅದರ ಅಲ್ಯೂಮಿನಿಯಂ ಫ್ರೇಮ್ ಸೀಳಿದ ಮೇಲೆ ಗುಂಪಿನಲ್ಲಿ ನಡೆದ ಮಾತುಕತೆ ಇದು. ನಾನು ಆ ಐವರಲ್ಲಿ ಇಲ್ಲ, ಬರೀ ಅಡ್ಮಿನ್. ಹೆಸರು ಬದಲಿಸಿದ್ದೇನೆ, ಶುಭೋದಯದ ಹೂವುಗಳನ್ನು ಕಿತ್ತು ಹಾಕಿದ್ದೇನೆ. ಆವರಣದಲ್ಲಿ ಇರುವುದು ನನ್ನ ಮಾತು.

ತಿಪ್ಪೇಶ: (ಫೋಟೋ)

ತಿಪ್ಪೇಶ: ನೋಡ್ರಪ್ಪ. ಜೋಗಿಮಟ್ಟಿ ಗುಡ್ಡ ಇಳೀತಾ ಕಿರ್ ಕಿರ್ ಅಂತಿತ್ತು. ಸೀಟಿನ ಬೋಲ್ಟ್ ಸಡ್ಲ ಆಗೈತೆ ಅನ್ಕಂಡೆ. ಮನೆಗೆ ಬಂದು ತೊಳುದ್ರೆ ಇದು. ಸೀಟ್ ಟ್ಯೂಬಿಗೆ (ಸೀಟಿನ ಕೆಳಗಿನ ಪೈಪು) ಟಾಪ್ ಟ್ಯೂಬ್ (ಮೇಲಿನ ಅಡ್ಡ ಪೈಪು) ಸೇರ್ತದಲ್ಲ, ಆ ವೆಲ್ಡಿಂಗ್ ಪಕ್ಕ.

ಶಿವು: ಬಣ್ಣ ಬಿರಿದೈತೆ ಕಣಲೇ. ಅದಕ್ಕೆಲ್ಲ ಗುಂಪಿನಾಗೆ ಗಂಟೆ ಬಾರಿಸ್ತೀಯ.

ತಿಪ್ಪೇಶ: ಉಗುರು ಸಿಕ್ಕಂತದೆ ಗುರು.

ಬಸು: ಸೈಕಲ್ ಹರಿಹರಕ್ಕೆ ತಂದು ಬಿಡು. ನಮ್ಮ ಶಾಪಿನಾಗ ಡೈ ಪೆನೆಟ್ರೆಂಟ್ ಐತಿ. ಕೆಂಪು ಬಣ್ಣ ಹೊಡೆದು, ಒರೆಸಿ, ಬಿಳಿ ಡೆವಲಪರ್ ಹಾಕಿದ್ರ ಬಿರುಕಿದ್ದಲ್ಲಿ ಕೆಂಪು ಗೆರೆ ಎದ್ದು ಬರ್ತೈತಿ.

ರೂಪಾ: ಪೇಂಟ್ ಮೇಲೆ ಹೊಡೆದ್ರೆ ಪೇಂಟಿನ ಬಿರುಕೂ ಕೆಂಪಗೇ ತೋರ್ಸುತ್ತೆ ಬಸು. ಮೊದ್ಲು ಫೋಟೋ ತೆಗ್ದು ಇಟ್ಕೊಳ್ಳಿ. ಆಮೇಲೆ ಎಮರಿ ಪೇಪರಲ್ಲಿ ಅಷ್ಟು ಜಾಗ ಮಾತ್ರ ಕೆರೆದು, ಬರಿ ಲೋಹದ ಮೇಲೆ ಟೆಸ್ಟ್ ಮಾಡಿ.

(ಮಾರನೇ ದಿನ ಬಸು ಕಳಿಸಿದ ಫೋಟೋದಲ್ಲಿ ಗೆರೆ ಕೆಂಪಗೆ ನಿಂತಿತ್ತು. ಕಣ್ಣಿಗೆ ಕಂಡಿದ್ದಕ್ಕಿಂತ ಉದ್ದ. ಪೈಪಿನ ಸುತ್ತ ಕಾಲು ಭಾಗಕ್ಕೂ ಹೆಚ್ಚು ಓಡಿತ್ತು.)

ಶಿವು: ಸರಿ ಬಿಡ್ರಲೇ, ಬಿರುಕೇ. ಪಿ.ಬಿ. ರೋಡಲ್ಲಿ ಒಬ್ಬ ಮೇಸ್ತ್ರಿ ಇದಾನೆ. ಲಾರಿ ರೇಡಿಯೇಟರು, ಅಲ್ಯೂಮಿನಿಯಂ ಟ್ಯಾಂಕು ಎಲ್ಲ ಟಿಗ್ ವೆಲ್ಡಿಂಗ್ ಹಾಕ್ತಾನೆ, ಆರ್ಗಾನ್ ಸಿಲಿಂಡರ್ ಇಟ್ಕೊಂಡು. ಆರುನೂರು ರೂಪಾಯಿ ಹೇಳ್ದ. ತಲೆಗೆ ನೂರಿಪ್ಪತ್ತು. ಮುಗೀತು ಕತೆ.

ಇರ್ಫಾನ್: ನಾನು ಬೆಂಗಳೂರಿಂದ ಈಗ್ಲೇ ಫೋನ್‌ಪೇ ಮಾಡ್ತೀನಿ. ವೆಲ್ಡ್ ಮಾಡ್ಸಿ ಅತ್ಲಾಗೆ.

ರೂಪಾ: ಟ್ಯಾಂಕು ಸೋರದಿದ್ರೆ ಸಾಕು. ಫ್ರೇಮು ಪ್ರತಿ ಗುಂಡಿಗೂ ಬಗ್ಗಿ ಏಳ್ತಿರುತ್ತೆ. ಎರಡಕ್ಕೂ ಒಂದೇ ಮೇಸ್ತ್ರಿ ಆಗಲ್ಲ.

ಶಿವು: ಮೇಸ್ತ್ರಿಗೆ ಅವಮಾನ ಮಾಡಬ್ಯಾಡ ಕಣವ್ವ. ನಮ್ಮೆಲ್ಲರಿಗಿಂತ ಚೆಂದ ಬೆಸೀತಾನೆ.

ರೂಪಾ: ಬೆಸುಗೆ ಚೆನ್ನಾಗೇ ಇರುತ್ತಪ್ಪ. ಸಮಸ್ಯೆ ಅದರ ಪಕ್ಕದ್ದು.

ಸರ್: ಮೆಟಲರ್ಜಿ ಕ್ಲಾಸಿನಲ್ಲಿ ಯಾರು ಮಲಗಿದ್ದರು, ಯಾರು ಎಚ್ಚರವಿದ್ದರು ಎಂಬುದು ಇಷ್ಟು ವರ್ಷದ ಮೇಲೆ ತಿಳಿಯುತ್ತಿದೆ. ತಿಪ್ಪೇಸ್ವಾಮಿ, ಫ್ರೇಮಿನ ಸ್ಟಿಕ್ಕರ್ ಮೇಲೆ ಅಲ್ಯೂಮಿನಿಯಂ ಮಿಶ್ರಲೋಹದ ಸಂಖ್ಯೆ ಏನು ಬರೆದಿದೆ? 6061 ಎಂದೋ 7005 ಎಂದೋ?

ತಿಪ್ಪೇಶ: 6061 ಸರ್. ನಮಸ್ಕಾರ ಸರ್.

(ಸರ್ ನಿವೃತ್ತರಾಗಿದ್ದಾರೆ, ಗುಂಪಿನಲ್ಲಿ ಹಬ್ಬಕ್ಕೆ ಮಾತ್ರ ಮಾತಾಡುವವರು. ಆಮೇಲೆ ಬಂದದ್ದು ಉದ್ದನೆಯ ವಾಯ್ಸ್ ನೋಟ್. ಕೇಳಿಸಿಕೊಂಡು ಬರೆದಿದ್ದೇನೆ, ಕೆಮ್ಮು ಬಿಟ್ಟು.)

ಸರ್: 6061ರಲ್ಲಿ ಮುಖ್ಯವಾಗಿ ಮೆಗ್ನೀಸಿಯಂ ಮತ್ತು ಸಿಲಿಕಾನ್ ಇದೆ. ಅದರ ಗಟ್ಟಿತನ ಮಿಶ್ರಣದಿಂದ ಮಾತ್ರ ಬಂದದ್ದಲ್ಲ, ಶಾಖ ಕೊಟ್ಟು ಬರಿಸಿದ್ದು. ಸುಮಾರು 530 ಡಿಗ್ರಿಯಲ್ಲಿ ಇಟ್ಟು, ನೀರಿಗೆ ಅದ್ದಿ, ಆಮೇಲೆ 175 ಡಿಗ್ರಿ ಆಸುಪಾಸಿನಲ್ಲಿ ಕೆಲವು ಗಂಟೆ ಕಾಯಿಸುತ್ತಾರೆ. ಆಗ ಒಳಗೆ ಅತಿ ಸಣ್ಣ ಕಣಗಳು ಹುಟ್ಟಿ ಲೋಹವನ್ನು ಬಿಗಿ ಮಾಡುತ್ತವೆ. ಅದೇ ಟಿ6. ಯೀಲ್ಡ್ ಸ್ಟ್ರೆಂತ್, ಎಂದರೆ ಶಾಶ್ವತವಾಗಿ ಬಾಗುವ ಮುನ್ನ ತಡೆಯುವ ಬಲ, 275 ಮೆಗಾಪಾಸ್ಕಲ್ ಹತ್ತಿರ. ಶಿವಕುಮಾರ್ ಅವರ ಮೇಸ್ತ್ರಿ ಟಾರ್ಚ್ ಹಿಡಿದ ಕೂಡಲೇ ಬೆಸುಗೆಯ ಅಕ್ಕಪಕ್ಕ ಆ ಕಣಗಳು ಕರಗುತ್ತವೆ, ಇಲ್ಲವೇ ಊದಿಕೊಳ್ಳುತ್ತವೆ. ಆ ಪಟ್ಟಿಯಲ್ಲಿ ಬಲ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಬೆಸುಗೆ ಮುರಿಯುವುದಿಲ್ಲ, ಅದರ ಪಕ್ಕ ಮುರಿಯುತ್ತದೆ. 6061ರ ಫ್ರೇಮನ್ನು ಕಾರ್ಖಾನೆಯವರು ಪೂರ್ತಿ ಬೆಸೆದ ಮೇಲೆ ಇಡಿಯಾಗಿ ಕುಲುಮೆಗೆ ಹಾಕುವುದು ಇದಕ್ಕೇ. 7005 ಆಗಿದ್ದರೆ ಸ್ವಲ್ಪ ಕರುಣೆ ಇತ್ತು, ಅದು ಬೆಸುಗೆಯ ನಂತರ ತಾನಾಗಿ ಬಹುಪಾಲು ಬಲ ಮರಳಿ ಪಡೆಯುತ್ತದೆ.

ಬಸು: ಸರ್, ಹರಿಹರದಾಗ ಹೀಟ್ ಟ್ರೀಟ್‌ಮೆಂಟ್ ಮಾಡೋರು ಅದಾರ. ಕೇಳ್ಲಾ?

ಸರ್: ಕೇಳು. ನೀರಿಗೆ ಅದ್ದಿದಾಗ ಫ್ರೇಮ್ ಸೊಟ್ಟಗಾದರೆ ನೇರ ಮಾಡುವ ಜಿಗ್ (ಹಿಡಿದಿಡುವ ಚೌಕಟ್ಟು) ಯಾರ ಬಳಿ ಇದೆ ಎಂಬುದನ್ನೂ ಕೇಳು. ಟಿ6 ಆದ ಮೇಲೆ ಬಗ್ಗಿಸಿದರೆ ಮತ್ತೆ ಸೀಳುತ್ತದೆ, ಅದ್ದಿದ ಕೂಡಲೇ ಮಾಡಬೇಕು.

ಬಸು: ಇಲ್ಲ ಬಿಡ್ರಿ ಸರ್.

ಶಿವು: ಮೇಲೊಂದು ಪ್ಲೇಟ್ ಹಾಕ್ಸಿದ್ರೆ?

ರೂಪಾ: ಪ್ಲೇಟಿನ ಅಂಚಲ್ಲಿ ಸೀಳುತ್ತೆ.

ಬಸು: ಬಿರುಕಿನ ತುದೀಗೆ ಮೂರು ಎಂಎಂ ತೂತು ಹೊಡೆದ್ರ ನಿಲ್ತೈತಿ ಅಂತ ನೀವೇ ಹೇಳಿದ್ರಿ ಸರ್.

ಸರ್: ಹೇಳಿದ್ದೆ, ಪೂರ್ತಿ ಹೇಳಿದ್ದೆ. ತೂತು ಹೊಡೆದರೆ ಸಮಯ ಸಿಗುತ್ತದೆ, ಅಷ್ಟೇ. ತುದಿ ಎಲ್ಲಿದೆ ಎಂದು ಖಚಿತವಾಗಿ ಗೊತ್ತಿರಬೇಕು. 1954ರಲ್ಲಿ ಕಾಮೆಟ್ ಎಂಬ ಪ್ರಯಾಣಿಕ ಜೆಟ್ ವಿಮಾನಗಳು ಆಕಾಶದಲ್ಲಿ ಒಡೆದದ್ದು ಅಲ್ಯೂಮಿನಿಯಂ ಮೈಯ ದಣಿವಿನಿಂದಲೇ, ಎಂದರೆ ಪದೇ ಪದೇ ಬಿದ್ದ ಹೊರೆಯಿಂದ. ಉಕ್ಕಿಗೆ ಒಂದು ಮಿತಿ ಇದೆ, ಅದರ ಕೆಳಗಿನ ಹೊರೆಯನ್ನು ಎಷ್ಟು ಸಲ ಕೊಟ್ಟರೂ ತಡೆಯುತ್ತದೆ. ಅಲ್ಯೂಮಿನಿಯಂಗೆ ಅಂಥ ಮಿತಿ ಇಲ್ಲ. ಸಣ್ಣ ಹೊರೆಯೂ ಲೆಕ್ಕಕ್ಕೆ ಸೇರುತ್ತಾ ಹೋಗುತ್ತದೆ.

ಇರ್ಫಾನ್: ನಮ್ಮ ಅಬ್ಬಾದು ಹಳೇ ಕಬ್ಬಿಣದ ಸೈಕಲ್‌ಗೆ ಗ್ಯಾಸ್ ವೆಲ್ಡ್ ಹಾಕ್ಸಿ ಈಗ್ಲೂ ಓಡಿಸ್ತಾರೆ. ಈಗ ಅರ್ಥ ಆಯ್ತು.

(ಇಲ್ಲಿಗೆ ಲೋಹದ ಪಾಠ ಮುಗಿಯಿತು, ಜಗಳ ಶುರುವಾಯಿತು. ಸೀಳಿದ್ದು ಯಾಕೆ ಅಂತ ಕೇಳಿದ್ದು ರೂಪಾ.)

ರೂಪಾ: ತಿಪ್ಪೇಶ, ಸೀಟ್ ಪೋಸ್ಟ್ (ಸೀಟು ಹೊತ್ತು ಸೀಟ್ ಟ್ಯೂಬಿನೊಳಗೆ ಇಳಿಯುವ ಕಂಬ) ಹೊರಗೆ ತೆಗ್ದು ಫೋಟೋ ಹಾಕು. ಎಲ್ಲಿವರೆಗೆ ಒಳಗಿತ್ತು ಅಂತ ಗೀರು ಬಿದ್ದಿರುತ್ತೆ.

ತಿಪ್ಪೇಶ: (ಫೋಟೋ)

ಬಸು: ಗೆರೆ ದಾಟಿ ಮ್ಯಾಲೆ ಎತ್ಯಾರ! ಒಳಗ ನಾಕು ಬೆಳ್ಳಷ್ಟೂ ಇಲ್ಲ.

ರೂಪಾ: ಪೋಸ್ಟ್ ಟಾಪ್ ಟ್ಯೂಬಿನ ಬೆಸುಗೆ ದಾಟಿ ಕೆಳಗೆ ಇಳಿದಿರಬೇಕು. ಇಲ್ದಿದ್ರೆ ಕೂತವನ ಭಾರವೆಲ್ಲ ಸೀಟ್ ಟ್ಯೂಬಿನ ಮೇಲ್ತುದಿಯನ್ನ ಹಿಂದಕ್ಕೆ ಮೀಟುತ್ತೆ. ಪೋಸ್ಟ್ ಮೇಲೆ ಮಿನಿಮಮ್ ಇನ್ಸರ್ಷನ್ (ಕನಿಷ್ಠ ಇಷ್ಟು ಒಳಗಿರಬೇಕು) ಅಂತ ಸುಮ್ನೆ ಗೆರೆ ಹಾಕಿರಲ್ಲ. ನಮ್ಮಲ್ಲಿ ಆರಡಿ ಇರೋರು ಯಾರು?

ಶಿವು: ಈ ಸಂದೇಶವನ್ನು ಅಳಿಸಲಾಗಿದೆ

ಶಿವು: ಮೀಡಿಯಂ ಫ್ರೇಮ್ ತಗಂಡೋರು ಯಾರು? ನಾನು ಲಾರ್ಜ್ ಅಂದಿದ್ದೆ. ಐದು ಜನದ ಸೈಕಲ್ಲು, ಒಬ್ಬನ ಕಾಲು ಮಾತ್ರ ತಪ್ಪಾ?

ರೂಪಾ: ಉದ್ದದ ಪೋಸ್ಟ್ ಸಿಗುತ್ತೆ, ತಂದು ಹಾಕ್ಕೋಬೇಕಿತ್ತು.

ಇರ್ಫಾನ್: ಒಂದ್ನಿಮಿಷ. ಬಿಲ್ ನನ್ನ ಹೆಸರಲ್ಲಿದೆ. ಕಾರ್ಡ್ ತೆಗ್ದು ಓದ್ದೆ. ಫ್ರೇಮಿಗೆ ಲೈಫ್‌ಟೈಮ್ ವಾರಂಟಿ, ಮೊದಲ ಖರೀದಿದಾರನಿಗೆ ಮಾತ್ರ. ಸ್ಪರ್ಧೆ, ಬಾಡಿಗೆ, ತಪ್ಪು ಜೋಡಣೆ ಇದ್ರೆ ಇಲ್ಲ.

ಬಸು: ಬಾಡಿಗೀನಾ? ತಿಪ್ಪೇಶ, ನಿನ್ನ ಮಾವನ ಮಗ ಚಂದ್ರವಳ್ಳಿಗೆ ಒಯ್ದಾಗ ರೊಕ್ಕ ಇಸ್ಕೊಂಡಿದ್ದೆಲ್ಲ?

ತಿಪ್ಪೇಶ: ಅದು ಪಂಚರ್ ದುಡ್ಡು ಕಣಪ್ಪ!

ಶಿವು: ಹಂಗಾದ್ರೆ ಕೇಳ್ರಿ. ಪೋಸ್ಟ್ ಬದ್ಲಿಸಿ, ಬೇರೆ ಹಾಕಿ ಕೊಡೋಣ. ಗೀರು ಕಾಣಲ್ಲ. ಕೆರೆದ ಜಾಗಕ್ಕೆ ಟಚಪ್ಪು.

ರೂಪಾ: ಸಹಿ ಹಾಕೋದು ಇರ್ಫಾನ್. ಸುಳ್ಳು ಅವನ ಹೆಸರಲ್ಲಿ ಹೋಗುತ್ತೆ, ನಿನ್ನ ಹೆಸರಲ್ಲಲ್ಲ.

ಇರ್ಫಾನ್: ನಾನು ಸುಳ್ಳು ಬರೆಯಲ್ಲ ಶಿವು. ಇದ್ದಿದ್ದು ಇದ್ದ ಹಾಗೆ ಬರೀತೀನಿ. ಕೊಟ್ರೆ ಕೊಡ್ಲಿ.

(ರಾತ್ರಿ ಹನ್ನೊಂದರ ತನಕ ಗುಂಪು ತೆಪ್ಪಗಿತ್ತು. ನನ್ನ ಅಭಿಪ್ರಾಯ ಕೇಳಿದವರಿಲ್ಲ, ಆದರೂ ಹೇಳುತ್ತೇನೆ: ಐದು ಜನರ ಸೈಕಲ್ಲಿಗೆ ಒಂದು ಹೆಸರಿನ ಬಿಲ್ಲು ಮಾಡಿಸಿದ ದಿನವೇ ಒಂದು ಕಾಗದ ಬರೆದುಕೊಳ್ಳಬೇಕಿತ್ತು. ವೆಲ್ಡಿಂಗಿನ ಮಾತಂತೂ ನನಗೆ ಮೊದಲಿಂದಲೂ ಹಿಡಿಸಲಿಲ್ಲ. ಬೆಸೆಸಿದವನೊಬ್ಬ, ಸರದಿ ಬಂದಾಗ ಜೋಗಿಮಟ್ಟಿ ಇಳಿಯುವವನು ಇನ್ನೊಬ್ಬ.)

ಬಸು: ಕಂಪನಿ ಇಲ್ಲ ಅಂದ್ರ ಬರೇ ಫ್ರೇಮ್ ತರೋಣ. ಉಳಿದ ಸಾಮಾನೆಲ್ಲ ಚಲೋ ಅದಾವ.

ರೂಪಾ: ಅಳತೆ ಕೂಡಬೇಕು. ನಮ್ಮ ಹಿಂದಿನ ಚಕ್ರದ ನಡುವಿನ ಹಬ್ 135 ಎಂಎಂ ಅಗಲ, ಕ್ವಿಕ್ ರಿಲೀಸ್ (ಹಿಡಿ ತಿರುಗಿಸಿ ಬಿಚ್ಚುವಂಥದ್ದು). ಈಗಿನ ಹೊಸ ಫ್ರೇಮ್ ಬಹಳಷ್ಟು 148 ಎಂಎಂ ಅಗಲದ ಬೂಸ್ಟ್, ಥ್ರೂ ಆಕ್ಸಲ್ (ದಪ್ಪ ಅಚ್ಚು ತೂರಿಸುವಂಥದ್ದು). ನಮ್ಮದು ನೇರ ಸ್ಟಿಯರರ್ (ಫೋರ್ಕಿನ ಮೇಲ್ಭಾಗದ ಪೈಪು) ಇರೋ ಫೋರ್ಕ್, ಅವು ಟೇಪರ್ಡ್, ಕೆಳಗೆ ದಪ್ಪ. ಫೋರ್ಕಿಗೆ ಹ್ಯಾಂಡಲ್ ಬೇರಿಂಗು ಕೂರೋ ಹೆಡ್‌ಸೆಟ್ಟಲ್ಲಿ ಅಡಾಪ್ಟರ್ ಹಾಕಬಹುದು, ಹಿಂದಿನ ಚಕ್ರಕ್ಕೆ ಸುಲಭ ಇಲ್ಲ. ಪೆಡಲ್ ಅಚ್ಚು ಕೂರೋ ಬಿ.ಬಿ. ಶೆಲ್ 73 ಎಂಎಂ, ಸೀಟ್ ಪೋಸ್ಟ್ 30.9 ಎಂಎಂ, ಚಕ್ರ 27.5 ಇಂಚು. ಇಷ್ಟೂ ಹೊಂದೋ ಹಳೇ ಸ್ಟಾಕ್ ಹುಡುಕಬೇಕು. ಇಲ್ಲಾಂದ್ರೆ ಫ್ರೇಮ್ ತಂದು, ಚಕ್ರ ತಂದು, ಕೊನೆಗೆ ಹೊಸ ಸೈಕಲ್ಲೇ ಆಗುತ್ತೆ.

ತಿಪ್ಪೇಶ: ದುಡ್ಡು ಹೆಂಗೆ?

ಬಸು: ಕಂಪನಿ ಕೊಡ್ಲಿಲ್ಲ ಅಂದ್ರ ಅರ್ಧ ಶಿವು, ಇನ್ನರ್ಧ ನಾವು ನಾಕು ಮಂದಿ.

ಶಿವು: ಅರ್ಧ ಜಾಸ್ತಿ ಆಯ್ತು. ಮೂರರಲ್ಲಿ ಒಂದು. ಉದ್ದದ ಪೋಸ್ಟೂ ನಂದೇ ಖರ್ಚು. ಫ್ರೇಮು ಲಾರ್ಜ್ ಬರಬೇಕು.

ರೂಪಾ: ಲಾರ್ಜ್ ಬಂದ್ರೆ ನಾನು ಟಾಪ್ ಟ್ಯೂಬ್ ದಾಟಿ ಕಾಲಿಡೋಕಾಗಲ್ಲ. ಮೀಡಿಯಂ. ಮೂರರಲ್ಲಿ ಒಂದು ಒಪ್ಪಿದೆ.

ಸರ್: ಹಳೆಯ ಫ್ರೇಮನ್ನು ಯಾರೂ ಇಟ್ಟುಕೊಳ್ಳಬೇಡಿ.

ಶಿವು: ಗುಜರಿಗೆ ಹಾಕ್ತೀವಿ ಸರ್.

ರೂಪಾ: ಹಾಗೇ ಹಾಕಿದ್ರೆ ಯಾರೋ ಪುಟ್ಟಿ ತುಂಬಿ, ಬಣ್ಣ ಬಳಿದು ಹುಡುಗರಿಗೆ ಮಾರ್ತಾರೆ. ಗರಗಸದಲ್ಲಿ ಎರಡು ತುಂಡು ಮಾಡಿ ಹಾಕಿ. ಆದ್ರೆ ಕಂಪನಿ ಉತ್ತರ ಬರೋವರೆಗೆ ಮುಟ್ಟಬೇಡಿ, ಅವರೇ ನೋಡ್ಬೇಕು ಅಂದ್ರೂ ಅನ್ನಬಹುದು.

ಇರ್ಫಾನ್: ಫಾರಂ ತುಂಬ್ತಿದೀನಿ. ಬಿ.ಬಿ. ಕೆಳಗೆ ಸೀರಿಯಲ್ ನಂಬರ್ ಇರುತ್ತೆ, ಫೋಟೋ ಬೇಕು.

ಬಸು: (ಫೋಟೋ)

ಇರ್ಫಾನ್: ಮಣ್ಣು ಒರೆಸಿ ಇನ್ನೊಂದ್ಸಲ ಕಳ್ಸೋ. ಮೂರನೇದು ಎಂಟೋ, ಬಿ ಅಕ್ಷರಾನೋ ಗೊತ್ತಾಗ್ತಿಲ್ಲ.